ಸಿಟಿ ಬಸ್ ಬಿಟ್ಟು ಮತ್ತೆ ಲಾರಿ ಹತ್ತುವವರಿಗೆ: ಯಾವುದು ಮೊದಲು, ಯಾವುದು ಆಮೇಲೆ

ಹಿಂದೆ ಲಾರಿ ಓಡಿಸಿ, ಆಮೇಲೆ ಬಿಎಂಟಿಸಿಯಲ್ಲೋ, ಮೈಸೂರು ಹುಬ್ಬಳ್ಳಿಯ ಸಿಟಿ ಬಸ್ಸಿನಲ್ಲೋ, ಗುತ್ತಿಗೆಯ ಎಲೆಕ್ಟ್ರಿಕ್ ಬಸ್ಸಿನಲ್ಲೋ ವರ್ಷಗಟ್ಟಲೆ ದುಡಿದು, ಈಗ ಮತ್ತೆ ಲಾರಿಗೆ ಬರುವವರು ಹೆಚ್ಚುಕಡಿಮೆ ಒಂದೇ ಕಡೆ ಎಡವುತ್ತಾರೆ. ಸ್ಟೇರಿಂಗ್ ಹಿಡಿಯುವುದರಲ್ಲಿ ಅಲ್ಲ. ಗೋಡೌನ್ ಗೋಡೆಗೆ ಹಿಂದಿನ ಬಾಡಿ ತಾಗಿಸುತ್ತಾರೆ, ಘಾಟಿಯಲ್ಲಿ ಬ್ರೇಕ್ ಕಾಯಿಸುತ್ತಾರೆ, ಇ-ವೇ ಬಿಲ್ (ಮಾಲು ಸಾಗಿಸಲು ಬೇಕಾದ ಜಿಎಸ್‌ಟಿಯ ಆನ್‌ಲೈನ್ ಚೀಟಿ) ಅವಧಿ ಮುಗಿದಿದ್ದೇ ಗೊತ್ತಿಲ್ಲದೆ ತಪಾಸಣೆಯಲ್ಲಿ ಸಿಕ್ಕಿಬೀಳುತ್ತಾರೆ.

ಕಾರಣ ಸರಳ. ಬಸ್ಸಿನಲ್ಲಿ ಅರ್ಧ ಕೆಲಸ ಡಿಪೋ ಮಾಡುತ್ತಿತ್ತು. ಡೀಸೆಲ್ ಅವರೇ ಹಾಕುತ್ತಿದ್ದರು, ಗಾಳಿ ಅವರೇ ನೋಡುತ್ತಿದ್ದರು, ರೂಟು ಅವರದ್ದು, ಕಾಗದ ಅವರದ್ದು. ಲಾರಿಯಲ್ಲಿ ಅದೆಲ್ಲ ನಿಮ್ಮ ತಲೆ ಮೇಲೆ. ಅದಕ್ಕೇ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ಎಡವುವವರು ಬಹುತೇಕ ಎಂಟನೇ ಹಂತವನ್ನು ಮೊದಲನೇ ವಾರದಲ್ಲೇ ಮಾಡಲು ಹೋದವರು.

## 1. ಬಸ್ ಕೆಲಸ ಬಿಡುವ ಮೊದಲು ಕಾಗದ

ರಾಜೀನಾಮೆ ಬರೆಯುವ ಮೊದಲೇ ಲೈಸೆನ್ಸ್ ತೆಗೆದು ನೋಡಿ. 2019ರ ತಿದ್ದುಪಡಿ ಆದ ಮೇಲೆ ಟ್ರಾನ್ಸ್‌ಪೋರ್ಟ್ ಲೈಸೆನ್ಸ್ 5 ವರ್ಷಕ್ಕೆ ಸಿಗುತ್ತದೆ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಮುಂಚೆ ಇದ್ದ 30 ದಿನದ ರಿಯಾಯಿತಿ ಈಗಿಲ್ಲ, ಮುಗಿದ ಮಾರನೇ ದಿನ ಗಾಡಿ ಮುಟ್ಟಿದರೂ ಲೈಸೆನ್ಸ್ ಇಲ್ಲದವರ ಲೆಕ್ಕವೇ. ಅರ್ಜಿ ಸಾರಿಗೆ ಇಲಾಖೆಯ ಸಾರಥಿ ಪೋರ್ಟಲ್‌ನಲ್ಲಿ, ಜೊತೆಗೆ ಡಾಕ್ಟರ ಸಹಿ ಇರುವ ಫಾರಂ 1-ಎ, ಅಂದರೆ ಆರೋಗ್ಯದ ಸರ್ಟಿಫಿಕೇಟ್ ಬೇಕು.

ಆಮೇಲೆ ಕ್ಲಾಸ್ ನೋಡಿ. ಕೆಲವರ ಲೈಸೆನ್ಸ್‌ನಲ್ಲಿ ಭಾರಿ ಪ್ರಯಾಣಿಕ ವಾಹನ ಅಂತ ಮಾತ್ರ ಇರುತ್ತದೆ. ಸರಕು ವಾಹನಕ್ಕೆ ಅದು ನಡೆಯುತ್ತದಾ, ಟ್ರೇಲರ್‌ಗೆ ಬೇರೆ ಸೇರಿಸಬೇಕಾ ಅಂತ ನಿಮ್ಮ ಆರ್‌ಟಿಓ ಕಚೇರಿಯಲ್ಲೇ ಕೇಳಿ. ಏಜೆಂಟ್ ಬಾಯಿಮಾತು ನಂಬಬೇಡಿ. ಅಪಘಾತ ಆದ ದಿನ ಇನ್ಶೂರೆನ್ಸ್ ಕಂಪನಿ ಮೊದಲು ಕೇಳುವುದೇ ಇದನ್ನು. ಗ್ಯಾಸ್, ಪೆಟ್ರೋಲ್, ಆಸಿಡ್ ಟ್ಯಾಂಕರ್ ಓಡಿಸುವ ಯೋಚನೆ ಇದ್ದರೆ ಅಪಾಯಕಾರಿ ಸರಕಿನ 3 ದಿನದ ತರಬೇತಿ ಮುಗಿಸಿ ಲೈಸೆನ್ಸ್‌ನಲ್ಲಿ ನಮೂದು ಮಾಡಿಸಬೇಕು, ಅದರ ಅವಧಿ 3 ವರ್ಷ.

ಬಸ್ಸಿನ ಬ್ಯಾಡ್ಜ್ ಲಾರಿಗೆ ಬೇಕಿಲ್ಲ. ಆದರೂ ಅದು ಸಾಯಲು ಬಿಡಬೇಡಿ, ನಾಳೆ ಮತ್ತೆ ಬೇಕಾಗಬಹುದು. ಬಿಡುವಾಗ ಸೇವಾ ಪತ್ರ, ಬಿಡುಗಡೆ ಪತ್ರ, ಪಿಎಫ್ ನಂಬರ್ ಕೈಗೆ ತೆಗೆದುಕೊಂಡೇ ಬನ್ನಿ. ಆಮೇಲೆ ಅಲೆದಾಡಿಸುತ್ತಾರೆ.

## 2. ಮೈ ನೋಡಿಸಿಕೊಳ್ಳಿ

ಫಾರಂ 1-ಎಗೆ ಹೇಗೂ ಡಾಕ್ಟರ ಹತ್ತಿರ ಹೋಗುತ್ತೀರಿ, ಸುಮ್ನೆ ಸಹಿ ಹಾಕಿಸಿಕೊಂಡು ಬರಬೇಡಿ. ಬಿಪಿ, ಶುಗರ್, ಕಣ್ಣು ಮೂರನ್ನೂ ನಿಜವಾಗಿ ನೋಡಿಸಿ. ಬೀದಿದೀಪದ ಬೆಳಕಲ್ಲಿ ವರ್ಷಗಟ್ಟಲೆ ಓಡಿಸಿದವರಿಗೆ ರಾತ್ರಿ ದೃಷ್ಟಿ ಕಮ್ಮಿಯಾಗಿದ್ದು ಗೊತ್ತೇ ಆಗಿರುವುದಿಲ್ಲ. ಎದುರಿನ ಹೈಬೀಮ್ ದಾಟಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ಕತ್ತಲೆ ಹಿಡಿದಂತಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸದೆ ರಾತ್ರಿ ಟ್ರಿಪ್ ಒಪ್ಪಿಕೊಳ್ಳಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು ಊಟದ ಹೊತ್ತು ತಪ್ಪುವ ಲಾಂಗ್ ರೂಟಿನ ಬಗ್ಗೆ ಡಾಕ್ಟರ ಹತ್ತಿರ ನೇರವಾಗಿ ಮಾತಾಡಿ.

## 3. ಮೊದಲ ಗಾಡಿ ಚಿಕ್ಕದಿರಲಿ, ಮಾಲೀಕ ನೆಟ್ಟಗಿರಲಿ

"ಬಸ್ ಓಡಿಸಿದವನಿಗೆ ಲಾರಿ ಯಾವ ಲೆಕ್ಕ" ಅಂತ ಹೇಳಿ ಮೊದಲ ದಿನವೇ 14 ಅಥವಾ 16 ಚಕ್ರದ ಗಾಡಿ ಕೀ ಕೊಡುವ ಮಾಲೀಕನಿಂದ ದೂರ ಇರಿ. ಲೆಕ್ಕ ಇದೆ. ಸಿಟಿ ಬಸ್ ಪೂರ್ತಿ ತುಂಬಿದರೂ 70 ಜನ, ಅಂದರೆ ಸುಮಾರು ನಾಲ್ಕೂವರೆ ಟನ್ ಜಾಸ್ತಿ ಆಗುತ್ತದೆ ಅಷ್ಟೇ. ಲಾರಿಯಲ್ಲಿ ಲೋಡಿನ ಸಮೇತ ಅನುಮತಿ ಇರುವ ತೂಕ 10 ಚಕ್ರಕ್ಕೆ 28 ಟನ್ ಆಸುಪಾಸು, 12 ಚಕ್ರಕ್ಕೆ 35, 14 ಚಕ್ರಕ್ಕೆ 42, 16 ಚಕ್ರಕ್ಕೆ 47.5, ದೊಡ್ಡ ಟ್ರೇಲರ್‌ಗೆ 55 ಟನ್ ತನಕ. ಅದೇ ಗಾಡಿ ಖಾಲಿ ಇದ್ದಾಗ ಒಂದು ತರಹ, ಲೋಡಾದಾಗ ಇನ್ನೊಂದೇ ಗಾಡಿ.

ನನ್ನ ಮಾತು ಕೇಳುವುದಾದರೆ ಮೊದಲ ಎರಡು ತಿಂಗಳು 6 ಅಥವಾ 10 ಚಕ್ರದ ಗಾಡಿ, ಘಾಟಿ ಇಲ್ಲದ ರೂಟು, ಆದಷ್ಟೂ ಹಗಲು. ಬೆಂಗಳೂರಿನವರಾದರೆ ತುಮಕೂರು, ಹೊಸಕೋಟೆ, ದಾಬಸ್‌ಪೇಟೆ ಕಡೆಯ ಫ್ಯಾಕ್ಟರಿ ಲೋಡು. ಸಂಬಳ ಸ್ವಲ್ಪ ಕಮ್ಮಿ ಬರುತ್ತದೆ, ಬರಲಿ. ಯಶವಂತಪುರದ ಟ್ರಕ್ ಟರ್ಮಿನಲ್, ನೆಲಮಂಗಲ ಕಡೆಯ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಇಂಥ ಕೆಲಸ ಕೇಳಿ. ಸಿಕ್ಕ ಮೇಲೆ ಮೊದಲ ಒಂದೆರಡು ಟ್ರಿಪ್ ಹಳೇ ಡ್ರೈವರ್ ಪಕ್ಕ ಕೂತು ಹೋಗಿ ಬನ್ನಿ. ಕ್ಲೀನರ್ ಸೀಟಲ್ಲಿ ಕೂರಲು ನಾಚಿಕೆ ಪಡುವವರೇ ಆಮೇಲೆ ಜಾಸ್ತಿ ಬೈಸಿಕೊಳ್ಳುತ್ತಾರೆ.

ಕೀ ತೆಗೆದುಕೊಳ್ಳುವ ಮೊದಲು ಇಷ್ಟು ಕೇಳಿ: ಸಂಬಳವೋ ಟ್ರಿಪ್ ಲೆಕ್ಕವೋ, ಬತ್ತಾ ಎಷ್ಟು, ಹಮಾಲಿ ಯಾರದ್ದು, ಫಾಸ್ಟ್ಯಾಗ್ ರೀಚಾರ್ಜ್ ಯಾರು ಮಾಡುತ್ತಾರೆ, ದಂಡ ಬಿದ್ದರೆ ಯಾವುದು ಯಾರ ತಲೆಗೆ, ಮೈಲೇಜ್ ಬರದಿದ್ದರೆ ಕಟ್ ಮಾಡುತ್ತಾರಾ, ಮಾಲು ಕಮ್ಮಿ ಬಂದರೆ ಯಾರು ಕೊಡಬೇಕು. ಒಪ್ಪಿಕೊಂಡಿದ್ದನ್ನು ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಮಾಡಿ ಇಟ್ಟುಕೊಳ್ಳಿ. ಮೆಸೇಜ್ ಹಾಕಿದ್ದಕ್ಕೇ ಮುಖ ಗಂಟಿಕ್ಕುವ ಮಾಲೀಕ ತಿಂಗಳ ಕೊನೆಗೆ ಏನು ಮಾಡುತ್ತಾನೆ ಅಂತ ಅಲ್ಲೇ ಗೊತ್ತಾಗುತ್ತದೆ, ಅಲ್ವಾ.

## 4. ಗಾಡಿಯಲ್ಲಿ ಇರಬೇಕಾದ ಸಾಮಾನು

ಸ್ಟೆಪ್ನಿ, ಜಾಕ್, ವೀಲ್ ಸ್ಪ್ಯಾನರ್, ಅದಕ್ಕೆ ಹಾಕುವ ಉದ್ದ ಪೈಪು. ನಿಂತ ಗಾಡಿ ಉರುಳದ ಹಾಗೆ ಚಕ್ರಕ್ಕೆ ಕೊಡಲು ಎರಡು ಗಟ್ಟಿ ಮರದ ತುಂಡು. ರಿಫ್ಲೆಕ್ಟರ್ ತ್ರಿಕೋನ ಎರಡು, ರಿಫ್ಲೆಕ್ಟರ್ ಜಾಕೆಟ್, ತಲೆಗೆ ಕಟ್ಟುವ ಟಾರ್ಚ್. ಗಾಳಿ ನೋಡುವ ಗೇಜ್. ಫ್ಯೂಸ್, ಬಲ್ಬು, ಒಂದು ಫ್ಯಾನ್ ಬೆಲ್ಟ್. ಹಗ್ಗ, ತೂತಿಲ್ಲದ ಟಾರ್ಪಾಲ್. ಅವಧಿ ಮುಗಿಯದ ಬೆಂಕಿ ಆರಿಸುವ ಸಿಲಿಂಡರ್, ಫಸ್ಟ್ ಏಡ್ ಡಬ್ಬಿ. ಡೀಸೆಲ್ ಟ್ಯಾಂಕಿಗೆ ಬೀಗ. ಎರಡು ಕ್ಯಾನ್ ನೀರು.

ಇದರಲ್ಲಿ ಜನ ಬಿಟ್ಟು ಹೋಗುವುದು ಮರದ ತುಂಡು ಮತ್ತು ತ್ರಿಕೋನ. ಕಲ್ಲು ಸಿಗುತ್ತದೆ ಬಿಡು ಅನ್ನುತ್ತಾರೆ. ಹಾಗೆ ರಸ್ತೆಯಲ್ಲೇ ಬಿಟ್ಟುಹೋದ ಕಲ್ಲು ರಾತ್ರಿ ಬೈಕಿನವನ ಜೀವ ತೆಗೆಯುತ್ತದೆ.

## 5. ಬೆಳಗಿನ ಸುತ್ತು

ದಿನಾ ಗಾಡಿ ತೆಗೆಯುವ ಮೊದಲು ಒಂದೇ ಕ್ರಮದಲ್ಲಿ ಸುತ್ತು ಹಾಕಿ. ಬಲ ಬಾಗಿಲಿಂದ ಶುರು, ಮುಂದೆ, ಎಡಗಡೆ, ಹಿಂದೆ, ಮತ್ತೆ ಬಲಕ್ಕೆ. ಎಂಜಿನ್ ಆಯಿಲ್, ಕೂಲಂಟ್, ಕೆಳಗೆ ನೆಲದ ಮೇಲೆ ಹನಿ ಬಿದ್ದಿದೆಯಾ. ವೀಲ್ ನಟ್‌ಗಳ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ನಟ್ ಸಡಿಲ ಅಂತ ಅರ್ಥ. ಜೋಡಿ ಟೈರುಗಳನ್ನು ಕಾಲಿಂದ ಒದ್ದರೆ ಏನೂ ಗೊತ್ತಾಗಲ್ಲ, ರಾಡಿನಿಂದ ಬಡಿದು ಸದ್ದು ಕೇಳಿ: ಒಳಗಿನ ಟೈರ್ ಇಳಿದಿದ್ದರೆ ಸದ್ದು ಮಂಕಾಗಿ ಬರುತ್ತದೆ. ಎರಡರ ನಡುವೆ ಕಲ್ಲು ಸಿಕ್ಕಿದೆಯಾ ನೋಡಿ.

ಬ್ರೇಕಿನ ಗಾಳಿ ಟ್ಯಾಂಕಿನಲ್ಲಿ ಕೂಡಿದ ನೀರು ಹೊರಗೆ ಬಿಡಿ. ಎಂಜಿನ್ ಶುರು ಮಾಡಿ ಪ್ರೆಶರ್ ಪೂರ್ತಿ ಏರಲಿ, ಆಮೇಲೆ ಎಂಜಿನ್ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು ಗಾಳಿ ಮೀಟರಿನ ಮುಳ್ಳು ನೋಡಿ. ಹಾಗೇ ಇಳಿಯುತ್ತಾ ಹೋದರೆ ಎಲ್ಲೋ ಲೀಕ್ ಇದೆ, ಕಿವಿ ಕೊಟ್ಟರೆ ಸುಯ್ ಅನ್ನುವ ಸದ್ದೂ ಕೇಳುತ್ತದೆ. ಕೆಂಪು ಲೈಟ್ ಅಥವಾ ಬಝರ್ ಇರುವಾಗ ಗಾಡಿ ಕದಲಿಸಬೇಡಿ.

2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿ ಆದರೆ ಡೆಫ್, ಅಂದರೆ ಯೂರಿಯಾ ದ್ರವದ ಮಟ್ಟ ನೋಡಿ. ಬಸ್ಸಿಗೂ ಅದು ಇತ್ತು, ಆದರೆ ಡಿಪೋದವರು ತುಂಬುತ್ತಿದ್ದರು, ನೀವು ನೋಡಿರಲಿಲ್ಲ. ಖಾಲಿಯಾದರೆ ಎಂಜಿನ್ ತಾನೇ ತಾಕತ್ತು ಇಳಿಸಿಬಿಡುತ್ತದೆ, ಅದೂ ಏರಿನಲ್ಲೇ ಆಗಬೇಕೇ. ಅದಕ್ಕೆ ನೀರು ಬೆರೆಸಬೇಡಿ, ಕತ್ತಲಲ್ಲಿ ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿಯಬೇಡಿ. ಹಾಗೇನಾದರೂ ಆದರೆ ಎಂಜಿನ್ ಶುರು ಮಾಡದೆ ಮೆಕ್ಯಾನಿಕ್ ಕರೆಸಿ.

## 6. ಲೋಡು: ನೋಡದೆ ಸಹಿ ಹಾಕಬೇಡಿ

ಲೋಡ್ ಆಗುವಾಗ ಮಲಗಬೇಡಿ, ಹತ್ತಿರ ನಿಂತು ನೋಡಿ. ಭಾರದ್ದು ಕೆಳಗೆ, ತೂಕ ಎರಡೂ ಬದಿಗೆ ಸಮ, ಹಿಂದಕ್ಕೆ ಜಾಸ್ತಿ ಬೀಳಬಾರದು. ಹಿಂದೆ ಭಾರವಾದರೆ ಸ್ಟೇರಿಂಗ್ ಹಗುರಾಗುತ್ತದೆ, ಏರಿನಲ್ಲಿ ಮುಂದಿನ ಚಕ್ರ ತೇಲಿದ ಹಾಗೆ ಅನಿಸುತ್ತದೆ. ಹಗ್ಗ ಕಟ್ಟಿ ಹೊರಟ ಮೇಲೆ 30-40 ಕಿಲೋಮೀಟರ್‌ಗೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಿರಿ. ಲೋಡ್ ಕುಳಿತುಕೊಂಡು ಹಗ್ಗ ಸಡಿಲವಾಗಿಯೇ ಇರುತ್ತದೆ.

ಮೊದಲ ಲೋಡುಗಳಿಗೆ ವಾಡಿ, ಸೇಡಂ ಕಡೆಯ ಸಿಮೆಂಟ್ ಮೂಟೆಯಂಥದ್ದು ಒಳ್ಳೆಯದು. ತಗ್ಗಾಗಿ, ಸಮವಾಗಿ ಕೂರುತ್ತದೆ, ಮಳೆಗೆ ಟಾರ್ಪಾಲ್ ಸರಿ ಇದ್ದರಾಯಿತು. ತೋರಣಗಲ್ಲಿನ ಉಕ್ಕಿನ ಕಾಯಿಲ್ (ಸುತ್ತಿದ ಉಕ್ಕಿನ ತಗಡಿನ ಸುರುಳಿ), ಗ್ರಾನೈಟ್ ಬ್ಲಾಕ್, ಅರ್ಧ ತುಂಬಿದ ಟ್ಯಾಂಕರ್ ಈಗಲೇ ಬೇಡ. ಕಾಯಿಲ್ ಜಾರಿದರೆ ಕ್ಯಾಬಿನ್ ತಡೆಯುವುದಿಲ್ಲ. ಅರ್ಧ ಟ್ಯಾಂಕರ್‌ನಲ್ಲಿ ನೀವು ಬ್ರೇಕ್ ಹಿಡಿದ ಮೇಲೆ ಒಳಗಿನ ದ್ರವ ಬಂದು ಗಾಡಿಯನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ.

ತೂಕದ ಚೀಟಿ ಇಲ್ಲದೆ ಗೇಟ್ ದಾಟಬೇಡಿ. ಓವರ್‌ಲೋಡ್‌ಗೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ 20,000 ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000. "ಎರಡೇ ಟನ್ ಜಾಸ್ತಿ, ಯಾರು ನೋಡುತ್ತಾರೆ" ಅನ್ನುವವರು ಯಾರೂ ನಿಮ್ಮ ಜೊತೆ ಕ್ಯಾಬಿನ್‌ನಲ್ಲಿ ಬರುವುದಿಲ್ಲ.

ಇನ್ನೊಂದು, ಬಸ್ಸಿನವರಿಗೆ ಕೈ ಅಡ್ಡ ಹಾಕಿದವರನ್ನು ಹತ್ತಿಸಿಕೊಳ್ಳುವುದು ಅಭ್ಯಾಸ. ಲೋಡಿನ ಮೇಲೆ ಒಬ್ಬರನ್ನೂ ಕೂರಿಸಬೇಡಿ, ಮಾಲು ಅವರದ್ದೇ ಆದರೂ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಲಾರಿ ಯಲ್ಲಾಪುರದ ಹತ್ತಿರ ಉರುಳಿ 10 ಜನ ಸತ್ತರು. ಅವರೆಲ್ಲ ಹಣ್ಣು ತರಕಾರಿ ಲೋಡಿನ ಜೊತೆಗೇ ಕೂತಿದ್ದ ವ್ಯಾಪಾರಿಗಳು.

## 7. ತಿರುವು ಮತ್ತು ರಿವರ್ಸ್

ಬಸ್ಸಿನಲ್ಲಿ ನಿಮ್ಮ ಸೀಟು ಮುಂದಿನ ಚಕ್ರಕ್ಕಿಂತ ಸಾಕಷ್ಟು ಮುಂದೆ ಇರುತ್ತದೆ. ಅದಕ್ಕೇ ತಿರುವಿನಲ್ಲಿ ತಡವಾಗಿ ಸ್ಟೇರಿಂಗ್ ತಿರುಗಿಸುವುದು ಕೈಗೆ ಹತ್ತಿದೆ. ಲಾರಿಯಲ್ಲಿ ಹೆಚ್ಚುಕಡಿಮೆ ಚಕ್ರದ ಮೇಲೇ ಕೂತಿರುತ್ತೀರಿ. ಬಸ್ಸಿನ ಲೆಕ್ಕದಲ್ಲಿ ತಿರುಗಿಸಿದರೆ ಮೂತಿ ಎದುರಿನ ಲೇನಿಗೆ ಹೋಗುತ್ತದೆ. ಬಸ್ಸಿಗೆ ಬಾಲ ಬೀಸುವ ಭಯ, ಉದ್ದ ಲಾರಿಗೆ ಮತ್ತು ಟ್ರೇಲರ್‌ಗೆ ಹಿಂದಿನ ಚಕ್ರ ಒಳಗೆ ಕತ್ತರಿಸಿಕೊಂಡು ಬರುವ ಭಯ. ಎಡಕ್ಕೆ ತಿರುಗುವಾಗ ಎಡ ಕನ್ನಡಿ ಬಿಟ್ಟು ಕಣ್ಣು ತೆಗೆಯಬೇಡಿ, ಬೈಕಿನವರು ಅಲ್ಲೇ ನುಗ್ಗುವುದು.

ಈಗ ರಿವರ್ಸ್. ಸಿಟಿ ಬಸ್ಸಿನಲ್ಲಿ ರಿವರ್ಸ್ ಅಂದರೆ ಡಿಪೋದಲ್ಲಿ, ನಿಲ್ದಾಣದಲ್ಲಿ, ಕಂಡಕ್ಟರ್ ಸೀಟಿ ಊದುತ್ತಾ ಇರುವಾಗ ನಾಲ್ಕು ಮಾರು. ಲಾರಿಯಲ್ಲಿ ದಿನಾ ಗೋಡೌನ್ ಬಾಗಿಲಿಗೆ, ಅದೂ ಇಕ್ಕಟ್ಟಿನಲ್ಲಿ. ಕಲಿಯುವ ಕ್ರಮ ಹೀಗಿರಲಿ:

ಮೊದಲು ಖಾಲಿ ಗಾಡಿ, ಖಾಲಿ ಮೈದಾನ. ಎರಡು ಖಾಲಿ ಕ್ಯಾನ್ ಇಟ್ಟು ಬಾಗಿಲು ಮಾಡಿಕೊಳ್ಳಿ. ನೆಟ್ಟಗೆ ಹಿಂದಕ್ಕೆ ಬರುವುದನ್ನೇ ಕೈ ಕೂರುವ ತನಕ ಮಾಡಿ, ಕ್ಲಚ್ ಮೇಲೇ, ಆಕ್ಸಿಲರೇಟರ್ ಮುಟ್ಟದೆ. ಆಮೇಲೆ ಬಲಕ್ಕೆ, ನಿಮ್ಮ ಕಡೆಗೆ, ಹಿಂದಿನ ಚಕ್ರ ಕಣ್ಣಿಗೆ ಕಾಣುತ್ತದೆ. ಕೊನೆಗೆ ಎಡಕ್ಕೆ. ಎಡ ಯಾವತ್ತೂ ಕುರುಡು ಬದಿಯೇ, ಆದ್ದರಿಂದ ಗೋಡೌನ್‌ಗೆ ಹೋದಾಗ ಆದಷ್ಟೂ ಬಲಕ್ಕೆ ರಿವರ್ಸ್ ಬರುವ ಹಾಗೆ ಗಾಡಿ ತಂದು ನಿಲ್ಲಿಸಿ, ಅದಕ್ಕಾಗಿ ಒಂದು ಸುತ್ತು ಜಾಸ್ತಿ ಹಾಕಬೇಕಾದರೂ ಪರವಾಗಿಲ್ಲ.

ಟ್ರೇಲರ್ ಆದರೆ ಸ್ಟೇರಿಂಗ್ ಉಲ್ಟಾ. ಹಿಂಭಾಗ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ, ಅದೂ ಸ್ವಲ್ಪವೇ. ಮಡಚಿಕೊಳ್ಳಲು ಶುರುವಾದರೆ ಸ್ಟೇರಿಂಗಿನಲ್ಲಿ ಗುದ್ದಾಡಬೇಡಿ, ಮುಂದಕ್ಕೆ ಎಳೆದು ನೆಟ್ಟಗೆ ಮಾಡಿ ಮತ್ತೆ ಶುರು ಮಾಡಿ.

ಪ್ರತಿ ಸಲ ಇಳಿದು ಹಿಂದೆ ಹೋಗಿ ನೋಡಿ: ನೆಲದಲ್ಲಿ ಗುಂಡಿ, ಮೇಲೆ ಶೀಟು, ವೈರು. ಕ್ಲೀನರ್ ಜೊತೆ ಕೈ ಸನ್ನೆ ಮೊದಲೇ ಮಾತಾಡಿಕೊಳ್ಳಿ. ಅವನು ಕನ್ನಡಿಯಲ್ಲಿ ಕಾಣದ ಕ್ಷಣ ಗಾಡಿ ನಿಲ್ಲಬೇಕು. "ಬರಲಿ ಬರಲಿ" ಅನ್ನುವ ದನಿ ಕೇಳುತ್ತಿದೆ ಅನ್ನುವುದು ಸಾಲದು, ಎಷ್ಟೋ ಸಲ ಅದು ಪಕ್ಕದ ಲಾರಿಯ ಕ್ಲೀನರ್ ದನಿ.

## 8. ಬ್ರೇಕ್ ಮತ್ತು ಘಾಟಿ

ಬಸ್ಸಿನವರ ಕಾಲು ಬ್ರೇಕಿನ ಮೇಲೇ ಇರುತ್ತದೆ. ಊರೊಳಗೆ ಅದು ಸರಿ. ಎಲೆಕ್ಟ್ರಿಕ್ ಬಸ್ಸಿನವರಿಗೆ ಇನ್ನೊಂದು ಅಭ್ಯಾಸ ಬಂದಿರುತ್ತದೆ, ಕಾಲು ಎತ್ತಿದರೆ ಗಾಡಿ ತಾನೇ ನಿಧಾನವಾಗುತ್ತದೆ ಅಂತ. ಲೋಡಾದ ಲಾರಿಯಲ್ಲಿ ಕಾಲು ಎತ್ತಿದರೆ ಅದು ಹಾಗೇ ಹೋಗುತ್ತಿರುತ್ತದೆ. 60ರ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ದಾಟುತ್ತೀರಿ. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬ ಮುಟ್ಟಲು ಐದಾರು ಸೆಕೆಂಡ್ ಹಿಡಿಯುವಷ್ಟು ಅಂತರ ಇರಲಿ. ಕಾರಿನವರು ನಡುವೆ ನುಗ್ಗುತ್ತಾರೆ, ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ.

ಘಾಟಿ ಇಳಿಯುವುದು ಹೀಗೆ. ಇಳಿಜಾರು ಶುರುವಾಗುವ ಮೊದಲೇ, ಸಮ ರಸ್ತೆಯಲ್ಲಿ, ಗೇರ್ ಇಳಿಸಿ. ಲೋಡಿನಲ್ಲಿ ಆ ಘಾಟಿ ಹತ್ತಲು ಯಾವ ಗೇರ್ ಬೇಕೋ ಅದೇ ಗೇರಿನಲ್ಲಿ ಇಳಿಯಿರಿ, ಅನುಮಾನ ಇದ್ದರೆ ಇನ್ನೊಂದು ಕೆಳಗೆ. ಎಗ್ಸಾಸ್ಟ್ ಬ್ರೇಕ್ (ಹೊಗೆ ತಡೆದು ಎಂಜಿನ್‌ನಿಂದಲೇ ವೇಗ ಇಳಿಸುವ ಬ್ರೇಕ್) ಹಾಕಿ. ವೇಗ ಏರಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಮೆಲ್ಲಗೆ ಒತ್ತಿಕೊಂಡೇ ಇಳಿಯುವುದು ಬ್ರೇಕ್ ಲೈನರ್ ಸುಡುವ ದಾರಿ. ಪದೇ ಪದೇ ಪಂಪ್ ಮಾಡಿದರೆ ಗಾಳಿ ಖಾಲಿ.

ನ್ಯೂಟ್ರಲ್ ಮಾತ್ರ ಬೇಡವೇ ಬೇಡ. ಡೀಸೆಲ್ ಉಳಿಯುತ್ತದೆ ಅನ್ನುವ ಹಳೇ ಚಾಳಿ ಇದು. ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಈಗಿನ ಎಂಜಿನ್ ಡೀಸೆಲ್ ಕುಡಿಯುವುದೇ ಇಲ್ಲ, ನ್ಯೂಟ್ರಲ್‌ನಲ್ಲೇ ಐಡಲ್‌ಗೆ ಕುಡಿಯುತ್ತದೆ. ಜೀವಕ್ಕೂ ನಷ್ಟ, ಮೈಲೇಜಿಗೂ ನಷ್ಟ.

ಅಪಾಯದ ಸೂಚನೆ: ಸುಟ್ಟ ವಾಸನೆ, ಚಕ್ರದಿಂದ ಹೊಗೆ, ಮೊದಲಿಗಿಂತ ಜಾಸ್ತಿ ಒತ್ತಬೇಕಾಗುವುದು, ಗಾಳಿಯ ಮುಳ್ಳು ಇಳಿಯುವುದು. ಒಂದು ಕಂಡರೂ ಸಾಕು, ಬ್ರೇಕ್ ಇನ್ನೂ ಹಿಡಿಯುತ್ತಿರುವಾಗಲೇ ಅಗಲ ಜಾಗ ನೋಡಿ ನಿಲ್ಲಿಸಿ. ಚಕ್ರಕ್ಕೆ ಮರದ ತುಂಡು ಕೊಡಿ, ಕೈ ಇಡುವಷ್ಟು ತಣ್ಣಗಾಗುವ ತನಕ ಕಾಯಿರಿ. ಕಾದ ಡ್ರಮ್ಮಿಗೆ ನೀರು ಎರಚಬೇಡಿ, ಸೀಳುತ್ತದೆ.

ಮೊದಲ ಘಾಟಿ ಹಗಲಲ್ಲಿ, ಅರ್ಧ ಲೋಡಿನಲ್ಲಿ, ಪಕ್ಕ ಒಬ್ಬ ಅನುಭವಿ ಇರುವಾಗ. ಮಂಗಳೂರಿಗೆ ಶಿರಾಡಿ, ಅಂಕೋಲಾ ಕಡೆಗೆ ಅರಬೈಲ್, ಮಡಿಕೇರಿಯಿಂದ ಇಳಿಯಲು ಸಂಪಾಜೆ. ಮ್ಯಾಪ್ ತೋರಿಸಿತು ಅಂತ ಆಗುಂಬೆಗೆ ಹೋಗಬೇಡಿ, ಭಾರಿ ಗಾಡಿಗೆ ಅಲ್ಲಿ ಅವಕಾಶವಿಲ್ಲ, ಚಾರ್ಮಾಡಿಯಲ್ಲೂ ನಿರ್ಬಂಧವಿದೆ. ಮೊಬೈಲ್ ಮ್ಯಾಪ್ ನಿಮ್ಮನ್ನು ಕಾರು ಅಂತಲೇ ಅಂದುಕೊಂಡಿರುತ್ತದೆ. ಮಳೆಗಾಲದಲ್ಲಿ ಹೊರಡುವ ಮೊದಲು ಶಿರಾಡಿ ತೆರೆದಿದೆಯಾ ಅಂತ ಆ ಕಡೆಯಿಂದ ಬಂದ ಡ್ರೈವರನ್ನೇ ಕೇಳಿ. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು.

## 9. ರಾತ್ರಿ

ಬೆಳಗಿನ ಜಾವ 2ರಿಂದ 5 ಕೆಟ್ಟ ಹೊತ್ತು. ಬಸ್ಸಿನವರಿಗೆ ಸ್ಟಾಪು, ಜನ, ಗಲಾಟೆ ಎಲ್ಲ ಎಚ್ಚರ ಇಡುತ್ತಿದ್ದವು. ಸಿರಾ ದಾಟಿ ಹಿರಿಯೂರು ಕಡೆ ನೆಟ್ಟಗಿನ ರಸ್ತೆಯಲ್ಲಿ ಎಚ್ಚರ ಇಡುವವರು ಯಾರೂ ಇಲ್ಲ. ಹಿಂದಿನ ಕೆಲವು ಕಿಲೋಮೀಟರ್ ಹೇಗೆ ಬಂದಿರಿ ಅಂತ ನೆನಪಾಗುತ್ತಿಲ್ಲ, ಬಿಳಿ ಗೆರೆ ಮೇಲೆ ಚಕ್ರ ಹೋಗುತ್ತಿದೆ ಅಂದರೆ ನೀವು ಆಗಲೇ ಅರ್ಧ ಮಲಗಿದ್ದೀರಿ. ಗುಟ್ಕಾ, ಜೋರು ಹಾಡು, ಮಾತ್ರೆ ಯಾವುದೂ ಕೆಲಸಕ್ಕೆ ಬರುವುದಿಲ್ಲ. ನಿದ್ದೆಗೆ ನಿದ್ದೆಯೇ ಬೇಕು. 1961ರ ಹಳೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 5 ಗಂಟೆ ಕೆಲಸದ ಮೇಲೆ ಅರ್ಧ ಗಂಟೆ ವಿರಾಮ ಅನ್ನುತ್ತಿತ್ತು, ನಾನು ಮೂರು ಗಂಟೆಗೇ ಇಳಿಯಿರಿ ಅನ್ನುತ್ತೇನೆ.

ನಿಲ್ಲಿಸುವುದು ರಸ್ತೆ ಬದಿಯಲ್ಲಿ ಅಲ್ಲ. ಪೆಟ್ರೋಲ್ ಬಂಕ್, ಢಾಬಾ, ನಾಲ್ಕು ಲಾರಿ ಇರುವ ಕಡೆ. ಡೀಸೆಲ್ ಬೀಗ, ಟಾರ್ಪಾಲ್ ಹಗ್ಗ ನೋಡಿಕೊಂಡು ಮಲಗಿ.

## 10. ದಾರಿಯ ಕಾಗದ

ಆರ್‌ಸಿ, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಪರ್ಮಿಟ್, ಹೊಗೆ ತಪಾಸಣೆ ಚೀಟಿ, ತೆರಿಗೆ. ಇವುಗಳ ಕೊನೇ ದಿನಾಂಕ ನೀವೇ ಬರೆದಿಟ್ಟುಕೊಳ್ಳಿ. 8 ವರ್ಷ ದಾಟಿದ ಗಾಡಿಗೆ ಎಫ್‌ಸಿ ವರ್ಷಕ್ಕೊಮ್ಮೆ, ಅದಕ್ಕಿಂತ ಹೊಸದಕ್ಕೆ ಎರಡು ವರ್ಷಕ್ಕೊಮ್ಮೆ. ಡಿಜಿಲಾಕರ್, ಎಂ-ಪರಿವಾಹನ್‌ನಲ್ಲಿ ಇದ್ದರೂ ನಡೆಯುತ್ತದೆ, ಮೊಬೈಲ್ ಚಾರ್ಜ್ ಇರಬೇಕು ಅಷ್ಟೇ.

ಮಾಲಿಗೆ ಬಿಲ್, ಎಲ್‌ಆರ್ (ಟ್ರಾನ್ಸ್‌ಪೋರ್ಟ್ ಆಫೀಸು ಕೊಡುವ ಲಾರಿ ರಸೀದಿ), ಇ-ವೇ ಬಿಲ್. ಇ-ವೇ ಬಿಲ್‌ನಲ್ಲಿ ಮೊದಲು ನೋಡಬೇಕಾದ್ದು ಗಾಡಿ ನಂಬರ್ ಸರಿಯಿದೆಯಾ ಅಂತ. ಎರಡನೆಯದು ಅವಧಿ: 200 ಕಿಲೋಮೀಟರ್‌ಗೆ ಒಂದು ದಿನದ ಲೆಕ್ಕ. ದಾರಿಯಲ್ಲಿ ಗಾಡಿ ಕೆಟ್ಟರೆ, ಘಾಟಿ ಬಂದ್ ಆದರೆ, ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆ ಒಳಗೆ ವಿಸ್ತರಿಸಿಕೊಳ್ಳಬಹುದು. ಅದನ್ನು ಮಾಡಬೇಕಾದವರು ಟ್ರಾನ್ಸ್‌ಪೋರ್ಟ್ ಆಫೀಸಿನವರು, ಆದರೆ ಫೋನ್ ಮಾಡಿ ಹೇಳಬೇಕಾದವರು ನೀವು. ಬೇರೆ ಗಾಡಿಗೆ ಮಾಲು ಬದಲಾಯಿಸಿದರೆ ನಂಬರ್ ಬದಲಾಯಿಸದೆ ಹೊರಡಬೇಡಿ.

ಇಳಿಸಿದ ಮೇಲೆ ಎಲ್‌ಆರ್ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿ ಅಲ್ಲೇ ಫೋಟೋ ತೆಗೆಯಿರಿ. ಕಮ್ಮಿ ಬಂತು, ಒದ್ದೆಯಾಗಿದೆ ಅಂತ ಅವರು ಬರೆದರೆ ಅದರ ಫೋಟೋನೂ.

## 11. ಏನಾದರೂ ಆದರೆ

ಗಾಡಿ ಕೆಟ್ಟು ನಿಂತರೆ ಮೊದಲು ಇಂಡಿಕೇಟರ್, ಎರಡನೆಯದು ಮರದ ತುಂಡು, ಮೂರನೆಯದು ತ್ರಿಕೋನ. ತ್ರಿಕೋನವನ್ನು ಬಂಪರ್ ಪಕ್ಕ ಇಟ್ಟರೆ ಏನು ಬಂತು, ಹೈವೇಯಲ್ಲಿ 50 ಮೀಟರ್‌ಗಿಂತ ಹಿಂದೆಯೇ ಇಡಿ, ತಿರುವಿದ್ದರೆ ತಿರುವಿಗೂ ಮೊದಲು. ಜಾಕೆಟ್ ಹಾಕಿಕೊಂಡೇ ಇಳಿಯಿರಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಫೋನ್ ಮಾಡಿದರೆ ಕ್ರೇನ್, ಆಂಬುಲೆನ್ಸ್ ಸಹಾಯ ಸಿಗುತ್ತದೆ.

ಯಾರಿಗಾದರೂ ಪೆಟ್ಟಾದರೆ 108, 112. ಓಡಿಹೋಗಬೇಡಿ. ಜನ ಸೇರಿ ಹೊಡೆಯುವ ಹಾಗಿದ್ದರೆ ಅಲ್ಲಿಂದ ನೇರ ಹತ್ತಿರದ ಪೊಲೀಸ್ ಸ್ಟೇಷನ್‌ಗೆ ಹೋಗಿ ನೀವೇ ವಿಷಯ ತಿಳಿಸಿ, ಹೋಗುತ್ತಲೇ 112ಕ್ಕೆ ಫೋನ್ ಮಾಡಿ, ಕರೆ ಮಾಡಿದ ಹೊತ್ತು ಫೋನಿನಲ್ಲಿ ಉಳಿದಿರುತ್ತದೆ. ಆಮೇಲೆ ಮಾಲೀಕನಿಗೆ ತಿಳಿಸಿ. ಗಾಡಿ ಸರಿಸುವ ಮೊದಲು ಸಾಧ್ಯವಾದರೆ ನಾಲ್ಕೂ ಕಡೆಯಿಂದ ಫೋಟೋ, ಟೈರ್ ಗುರುತಿನ ಸಮೇತ. ಗಾಡಿ ಓಡಿಸುತ್ತಿದ್ದವರು ಅಂತ ನಿಮ್ಮ ಬದಲು ಬೇರೆ ಯಾರದ್ದೋ ಹೆಸರು ಕೊಡಲು ಮಾಲೀಕ ಹೇಳಿದರೂ ಒಪ್ಪಬೇಡಿ. ಸುಳ್ಳು ಹೊರಬಿದ್ದರೆ ಇನ್ಶೂರೆನ್ಸ್ ಕೈಬಿಡಬಹುದು, ಕೇಸು ಇನ್ನೊಂದು ಜಾಸ್ತಿಯಾಗುತ್ತದೆ, ಆ ಹೊತ್ತಿಗೆ ಮಾಲೀಕ ಫೋನ್ ಎತ್ತುವುದಿಲ್ಲ.